ಗಂಟೆ ನಿಮ್ದು, ಚೌಕಟ್ಟು ನಂದು

ಕೆಂಪಾಚಾರ್ರು ನಮ್ಮ ಚರ್ಚಿನ ಗೋಪುರ ಹತ್ತುವಾಗ ಬಲಗೈಯಲ್ಲಿ ಕಂಠಮಟ್ಟ ನೀರು ತುಂಬಿದ ಹಿತ್ತಾಳೆ ಚೊಂಬು ಇರುತ್ತಿತ್ತು. ಕಡಿದಾದ ಏಣಿ, ಆಸರೆಗೆ ಎಡಗೈ ಒಂದೇ. ಆದರೂ ಒಂದು ತೊಟ್ಟು ಚೆಲ್ಲುತ್ತಿರಲಿಲ್ಲ. ಬಾಯಾರಿಕೆಗೆ ಅಂದುಕೊಂಡಿದ್ದರೆ ಅದು ನಮ್ಮ ದಡ್ಡತನ. ಕುಡಿಯೋದಕ್ಕೆ ಅವರಿಗೆ ನಮ್ಮಮ್ಮನ ಕಾಫಿಯೇ ಆಗಬೇಕು, ಅದೂ ಎರಡು ಲೋಟ. ಚೊಂಬು ಇದ್ದದ್ದು ಗೋಡೆಯ ಪರೀಕ್ಷೆಗೆ.

ನಮ್ಮೂರಿರುವುದು ನರಸೀಪುರದಿಂದ ಬನ್ನೂರಿಗೆ ಹೋಗುವ ದಾರಿಯಲ್ಲಿ. ಚರ್ಚಿನ ಗಂಟೆ ಹೊಡೆಯುತ್ತಿದ್ದವರು ನಮ್ಮಪ್ಪ. ಅವರ ನಂತರ, ಸ್ಕೂಲಿನಲ್ಲಿ ಪಾಠ ಹೇಳುತ್ತಲೇ ನಾನು ಆ ಹಗ್ಗ ಹಿಡಿದೆ. ಅಪ್ಪನ ಕಾಲದಲ್ಲೇ ಒಮ್ಮೆ, ಗಂಟೆ ತೂಗುಹಾಕಿದ್ದ ಹಳೆಯ ಮರದ ಚೌಕಟ್ಟನ್ನು ಗೆದ್ದಲು ತಿಂದು, ಗಂಟೆ ಬಾಯಿ ಮುಚ್ಚಿಕೊಂಡು ಕೂತಿತ್ತು. ಮೈಸೂರಿನಿಂದ ಬಂದವರೆಲ್ಲ ಕಬ್ಬಿಣದ ಚೌಕಟ್ಟು ಹಾಕಿಸಿ ಅಂದರು. ಅಪ್ಪ ಮಾತ್ರ ಹೆಮ್ಮರಗಾಲಕ್ಕೆ ಹೋಗಿ ಎತ್ತಿನಗಾಡಿ ಮಾಡುವ ಕೆಂಪಾಚಾರ್ರನ್ನು ಕರೆತಂದರು. ಗಾಡಿಗಳಿಗೆಲ್ಲ ಟೈರು ಬಂದು ಅವರ ಕೈಗೆ ಕೆಲಸವಿರಲಿಲ್ಲ.

"ಗಾಡಿ ಮಾಡೋರಿಗೆ ಗಂಟೆ ಏನು ಗೊತ್ತು?" ಅಂತ ಜನ ಮೂಗು ಮುರಿದರು. ಆಚಾರ್ರು ಗಂಟೆಯ ಕೆಳಗೆ ನಿಂತು, ಕತ್ತೆತ್ತಿ ಒಂದು ಗಳಿಗೆ ನೋಡಿ, ನನ್ನತ್ತ ತಿರುಗಿ, "ಅಚ್ಚು ಅದೆ, ಗಾಲಿ ಅದೆ. ಇದೂ ಗಾಡೀನೆಯ ಕಣವ್ವ. ಮುಂದಕ್ಕೆ ಓಗಕಿಲ್ಲ, ಅಷ್ಟೆಯ" ಅಂದರು.

ನಿಜವಾಗಿ ಗಾಡಿಯಂತೆಯೇ ಕಟ್ಟಿದರು. ಕಾಲುಗಳಿಗೆ ಹೊನ್ನೆ, ಹಗ್ಗ ಸುತ್ತುವ ಗಾಲಿಗೆ ಜಾಲಿ. ಮರದೊಳಕ್ಕೆ ಮರ ಕೂರಿಸಿ ಬೆಣೆ ಹೊಡೆದರೇ ಹೊರತು ಮೊಳೆ ಮುಟ್ಟಲಿಲ್ಲ. ಇಡೀ ಚೌಕಟ್ಟು ನಿಂತದ್ದು ತಳದ ಎರಡು ದಪ್ಪ ತೊಲೆಗಳ ಮೇಲೆ. ಸುತ್ತಲೂ ಗೋಡೆಗೂ ಅದಕ್ಕೂ ನಾಲ್ಕು ಬೆರಳು ಜಾಗ. ನಿಮ್ಮ ಹೆಸರು ಕೆತ್ತಿ ಆಚಾರ್ರೇ ಅಂದೆ. "ಎಸ್ರು ಕೆತ್ತುದ್ರೆ ಅಷ್ಟು ಮರ ದಂಡ" ಅಂದುಬಿಟ್ಟರು.

ಮೊದಲ ಸಲ ಗಂಟೆ ಹೊಡೆದಾಗ ಚೌಕಟ್ಟು ಅತ್ತಿತ್ತ ತೂಗಿತು. ಮೇಲೆ ಬಂದಿದ್ದ ಹಿರಿಯರು "ಯೇಸುವೇ!" ಅಂತ ಏಣಿಗೆ ಆತುಕೊಂಡರು. ಆಚಾರ್ರು ತುಂಬಿದ ಚೊಂಬನ್ನು ಗೋಡೆಯ ಮೇಲಿಟ್ಟು, "ಇನ್ನೊಂದಪ ಒಡೀರಿ" ಅಂದರು. ಚೌಕಟ್ಟು ತೂಗಿತು, ಚೊಂಬಿನ ನೀರು ತುಳುಕಲಿಲ್ಲ. "ಅದು ಅಲ್ಲಾಡ್ಲಿ ಬುಡಿ. ಅಲ್ಲಾಡಾಕೇ ಅದ ಮಾಡಿರೋದು. ಅದನ್ನ ಕಟ್ಟಾಕುದ್ರೆ ಗೋಡೆ ಅಲ್ಲಾಡ್ತದೆ."

ಅಲ್ಲಿಂದಾಚೆ ವರ್ಷಕ್ಕೊಂದು ಸಲ, ಕ್ರಿಸ್ಮಸ್ಸಿಗೆ ಮುಂಚೆ, ಕರೆಯದಿದ್ದರೂ ಬಸ್ಸು ಹತ್ತಿ ಬರುತ್ತಿದ್ದರು. ಸಡಿಲವಾದ ಬೆಣೆಗೆ ಒಂದೊಂದು ಏಟು ಕೊಟ್ಟು, ಚೊಂಬಿಟ್ಟು ನೋಡಿ, ಕಾಫಿ ಕುಡಿದು ಹೋಗುತ್ತಿದ್ದರು.

ಆಮೇಲೆ ನಮ್ಮ ಕಮಿಟಿಯವರು ಒಂದು ಘನಂದಾರಿ ಕೆಲಸ ಮಾಡಿದರು. ಬಣ್ಣ ಹೊಡೆಸುವಾಗ, ಸಂದಿಯಲ್ಲಿ ಪಾರಿವಾಳ ಗೂಡು ಕಟ್ಟುತ್ತವೆ ಅಂತ ಆ ನಾಲ್ಕು ಬೆರಳು ಜಾಗಕ್ಕೆ ಇಟ್ಟಿಗೆ ಚೂರು ತುರುಕಿ ಸಿಮೆಂಟು ಮೆತ್ತಿಸಿದರು. ಮಳೆಗಾಲ ಕಳೆಯುವಷ್ಟರಲ್ಲಿ ಗೋಪುರದ ಕಿಟಕಿ ಪಕ್ಕ ಗೋಡೆ ಬಿರುಕು ಬಿಟ್ಟಿತು. ಬಂದ ಇಂಜಿನಿಯರು ಕೆಳಗಿನಿಂದಲೇ ನೋಡಿ, ತಪ್ಪೆಲ್ಲ ಮರದ್ದು, ಇಳಿಸಿ ಕಬ್ಬಿಣ ಹಾಕಿ ಅಂದ. ಇಳಿಸೋ ದಿನವನ್ನೂ ಗೊತ್ತುಮಾಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆಚಾರ್ರಿಗೆ ಫೋನು ಮಾಡಿದೆ.

ಎಪ್ಪತ್ತು ದಾಟಿದ ಮನುಷ್ಯ, ಮಂಡಿ ನೋವು ಬೇರೆ, ಆ ದಿನ ಮೊದಲ ಬಸ್ಸಿಗೇ ಬಂದಿಳಿದರು. ಯಾರನ್ನೂ ಮಾತಾಡಿಸದೆ ಏಣಿ ಹತ್ತಿ, ಚೌಕಟ್ಟಿನ ಮೇಲೆ ಕಾಲು ಇಳಿಬಿಟ್ಟು ಕೂತರು. "ಇಳ್ಸೋದಾದ್ರೆ ನನ್ನೂ ಸೇರ್ಸೇ ಇಳ್ಸಿ."

ಹಿಂದೆಯೇ ಏಣಿ ಹತ್ತಿ ಬಂದ ಕಮಿಟಿ ಅಧ್ಯಕ್ಷರು ಕೆಂಪಗಾದರು. "ಆಚಾರ್ರೇ, ಇದು ನಮ್ಮ ಚರ್ಚು. ನಮ್ಮ ಸಭೆಯವರಲ್ಲ ನೀವು. ನಿಮಗ್ಯಾಕೆ ಇದೆಲ್ಲ?"

"ಗಂಟೆ ನಿಮ್ದು ಸಾ, ದೇವ್ರೂ ನಿಮ್ದೇ ಇಟ್ಕೊಳಿ. ಚೌಕಟ್ಟು ನಂದು."

ಆಹಾ, ಆ ಮಾತು ಕೇಳಿ ನನಗೆ ಚಪ್ಪಾಳೆ ತಟ್ಟುವಂತಾಯಿತು! ನಾನೇ ಅವರ ಚೊಂಬು ತುಂಬಿ ತಂದು ಗೋಡೆಯ ಮೇಲಿಟ್ಟು, ಗಂಟೆ ಹೊಡೆದೆ. ನೀರು ತುಳುಕಿ ಅಧ್ಯಕ್ಷರ ಬೂಟಿನ ಮೇಲೆ ಬಿತ್ತು. ಆಚಾರ್ರು ಚೌಕಟ್ಟಿನಿಂದ ಇಳಿದು, ಉಳಿ ಹಿಡಿದು, ಸಂಜೆಯವರೆಗೆ ಸಿಮೆಂಟು ಕೆತ್ತಿ ತೆಗೆದರು. ಚೂರುಗಳನ್ನು ಬುಟ್ಟಿಗೆ ತುಂಬಿ ಕೆಳಕ್ಕೆ ಬಿಟ್ಟದ್ದು ನಾನು. ಮತ್ತೆ ಚೊಂಬಿಟ್ಟೆವು. ಈ ಸಲ ನೀರು ಮಿಸುಕಲಿಲ್ಲ. ಕಬ್ಬಿಣದ ಮಾತು ಅಲ್ಲಿಗೆ ನಿಂತಿತು. ಅಧ್ಯಕ್ಷರು ಬಿರುಕಿಗೆ ಗಾರೆ ಹಾಕಿಸಿದರು. ಆಚಾರ್ರಿಗೆ ಒಂದು ಒಳ್ಳೆಯ ಮಾತನ್ನು ಮಾತ್ರ ಹೇಳಲಿಲ್ಲ.

ಕೊನೆಯ ಸಲ ಬಂದಾಗ ಅವರಿಂದ ಏಣಿಯ ಮೊದಲ ಮೆಟ್ಟಿಲೂ ಹತ್ತಲಾಗಲಿಲ್ಲ. ಕೆಳಗೆ ಕಲ್ಲಿನ ಮೇಲೆ ಕೂತು ಚೊಂಬನ್ನು ನನ್ನ ಕೈಗೆ ಕೊಟ್ಟರು. ನಾನು ಅರ್ಧ ದಾರಿಯಲ್ಲೇ ಸೀರೆ ನೆನೆಸಿಕೊಂಡು, ಕೆಳಗಿಳಿದು ಮತ್ತೆ ತುಂಬಿಸಿಕೊಂಡು ಮೇಲೆ ಹೋಗಿ ಇಟ್ಟು, ಗಂಟೆ ಹೊಡೆದು, ಕಿಟಕಿಯಿಂದ ಕೂಗಿದೆ: "ಚೆಲ್ಲಲಿಲ್ಲ ಆಚಾರ್ರೇ!"

"ಸರ್ಯಾಗಿ ನೋಡ್ದೇನವ್ವ? ಇನ್ನೊಂದಪ ಒಡಿ!"

ಹೋಗುವಾಗ ಚೊಂಬು ವಾಪಸ್ಸು ತೆಗೆದುಕೊಳ್ಳಲಿಲ್ಲ. "ಇಲ್ಲೇ ಇರ್ಲಿ" ಅಂದರು.

ಈ ವರ್ಷ ಮಾಘದಲ್ಲಿ ಅವರ ಮಗಳು ಬೆಳಗ್ಗೆಯೇ ಫೋನು ಮಾಡಿದಳು: "ಅಪ್ಪ ಓಗ್ಬುಟ್ರು ಟೀಚರೇ." ನಾನು ನೇರವಾಗಿ ಅಧ್ಯಕ್ಷರ ಮನೆಗೆ ಹೋಗಿ, ಆಚಾರ್ರಿಗೆ ಸಾವಿನ ಗಂಟೆ ಹೊಡೀತೀನಿ ಅಂದೆ. ಅವರು ಆಗಲ್ಲ ಅಂತ ತಲೆಯಾಡಿಸಿದರು. ಸಭೆಯವರಿಗೆ ಬಿಟ್ಟು ಹೊರಗಿನವರಿಗೆ ಹೊಡೆದ ರೂಢಿ ಇಲ್ಲವಂತೆ. ಹೊರಗಿನವರಂತೆ!

ನೇರ ಚರ್ಚಿಗೆ ಬಂದೆ. ಚೊಂಬು ತುಂಬಿಕೊಂಡು ಏಣಿ ಹತ್ತಿದೆ. ಈ ಸಲ ಒಂದು ತೊಟ್ಟೂ ಚೆಲ್ಲಲಿಲ್ಲ. ಗೋಡೆಯ ಮೇಲಿಟ್ಟು ಹಗ್ಗ ಹಿಡಿದೆ. ಬಿಟ್ಟು ಬಿಟ್ಟು ಒಂದೊಂದೇ ಏಟು, ನಮ್ಮಪ್ಪನಿಗೆ ಹೊಡೆದಷ್ಟೇ ಹೊತ್ತು. ಹೆಮ್ಮರಗಾಲಕ್ಕೆ ಆ ಸದ್ದು ಮುಟ್ಟುವುದಿಲ್ಲ ಅಂತ ಗೊತ್ತು. ಆದರೂ ಅತ್ತಲೇ ಮುಖ ಮಾಡಿ ಹೊಡೆದೆ, ಅಳುತ್ತಲೇ ಹೊಡೆದೆ.

ಕೆಳಗಿಳಿದಾಗ ಅಧ್ಯಕ್ಷರು ಬಾಗಿಲಲ್ಲೇ ನಿಂತಿದ್ದರು. "ಯಾರನ್ನ ಕೇಳಿ ಹೊಡೆದ್ರಿ ಟೀಚರ್?"

"ಚೌಕಟ್ಟಿನ ಯಜಮಾನರನ್ನ" ಅಂದೆ.