‘ಏನೂ ಆಗಲ್ಲ’ ಎನ್ನುವುದನ್ನು ಬಿಟ್ಟ ಡಾಕ್ಟರು

ತರೀಕೆರೆ, ಅಜ್ಜಂಪುರ, ಕಡೂರು ಸೀಮೆಯಲ್ಲಿ ಎರಡು ದಶಕಗಳಿಗೂ ಮೀರಿ ಸರ್ಕಾರಿ ವೈದ್ಯರಾಗಿ ಸೇವೆ ಸಲ್ಲಿಸಿ, ಈ ೧೯೮೮ರಲ್ಲಿ ನಿವೃತ್ತರಾಗುತ್ತಿರುವ ಡಾ. ಅಬ್ದುಲ್ ಗಫೂರ್ ಅವರ ಹೆಸರು ಕೇಳದ ಮನೆ ನಮ್ಮಲ್ಲಿ ವಿರಳ. ಅವರ ಕೈಗುಣವನ್ನು ಹೊಗಳಬಲ್ಲವರು ಈ ಸಂಪುಟದಲ್ಲಿ ಅನೇಕರಿದ್ದಾರೆ. ಅವರೊಡನೆ ದಾದಿಯಾಗಿ ದುಡಿದ ನನಗೆ ಮಾತ್ರ ಅವರೇ ವಿಷಯ ಕೊಟ್ಟಿದ್ದಾರೆ: “ತೀರ್ಥಮ್ಮ, ಬರೆಯೋದಾದ್ರೆ ಅಂಜಿನಪ್ಪನ ವಿಷಯ ಬರೀರಿ. ಇಲ್ದಿದ್ರೆ ಬೇಡ.” ಅಭಿನಂದನೆಯ ಪುಸ್ತಕದಲ್ಲಿ ನಾಚಿಕೆಯ ಸಂಗತಿ ಬರೆಯಲು ಕೈ ಹಿಂಜರಿಯುತ್ತದೆ. ಆದರೂ ಅವರ ಮಾತು ಮೀರಿ ನನಗೆ ರೂಢಿಯಿಲ್ಲ.

ತರೀಕೆರೆಯಲ್ಲಿದ್ದ ಕಾಲದಿಂದಲೂ ಸೂಜಿಗೆ ಹೆದರುವವರಿಗೆಲ್ಲ ಅವರದು ಒಂದೇ ಮಾತು: ‘ಏನೂ ಆಗಲ್ಲ.’ ಆ ಮಾತಿಗೇ ಅರ್ಧ ಕಾಯಿಲೆ ಇಳಿಯುತ್ತಿತ್ತು.

ಎಪ್ಪತ್ತೆಂಟರಲ್ಲಿ ಯಗಟಿ ಕಡೆಯ ಒಂದು ಹಟ್ಟಿಯ ಕುರಿಗಾರ ಅಂಜಿನಪ್ಪನಿಗೆ ಹುಚ್ಚುನಾಯಿ ಕಚ್ಚಿತು. ಹೊಕ್ಕುಳ ಸುತ್ತ ಹದಿನಾಲ್ಕು ಲಸಿಕೆ ಚುಚ್ಚಬೇಕೆಂದಾಗ ಆತ ಬೆಂಚು ಬಿಟ್ಟೆದ್ದ. “ಏನೂ ಆಗಲ್ಲ, ಕೂತ್ಕೊಳಯ್ಯ” ಎಂದು ಡಾಕ್ಟರು ನಕ್ಕರು. ಇನ್ನು ಕೆಲವೇ ಸೂಜಿ ಉಳಿದಿದ್ದಾಗ ಆತ ಬರುವುದು ನಿಂತಿತು. ಅವನ ಹೆಂಡತಿ ಕಾಶಮ್ಮ ಅಳುತ್ತ ಬಂದಳು.

“ಬಾಯಿ ಸೊಟ್ಟಗಾಗೈತೆ ಸಾಹೇಬ್ರೆ. ನೀರು ಕುಡಿದ್ರೆ ಆಚೆಗೇ ಸುರೀತೈತೆ. ಹುಚ್ಚು ಹಿಡೀತು ಅಂತ ಕುರಿ ರೊಪ್ಪದಾಗೆ ಕಟ್ಟಾಕವ್ರೆ.”

ನಾಯಿಹುಚ್ಚು ಹಿಡಿದವನು ನೀರಿಗೆ ಹೆದರುತ್ತಾನೆ. ಇವನ ಬಾಯಲ್ಲಿ ನೀರು ನಿಲ್ಲುತ್ತಿರಲಿಲ್ಲ, ಅಷ್ಟೆ. ಲಸಿಕೆಯಿಂದ ಮುಖದ ನರ ಸೋತಿತ್ತು. ಅಪರೂಪಕ್ಕೆ ಹೀಗಾಗುವುದುಂಟೆಂದು ಡಾಕ್ಟರಿಗೆ ಗೊತ್ತಿತ್ತು, ಗೊತ್ತಿದ್ದೂ ಹೇಳಿರಲಿಲ್ಲ. ನಿಜ ಹೇಳಿದರೆ ನಾಳೆ ನಾಯಿ ಕಚ್ಚಿದವರು ಸೂಜಿಗೆ ಬಾರದೆ ಸಾಯುತ್ತಾರೆ, ಸುಮ್ಮನಿರಿ ಎಂದು ಆಸ್ಪತ್ರೆಯ ನಾವೆಲ್ಲ ಬೇಡಿಕೊಂಡೆವು. “ಅವನು ಅಲ್ಲೇ ಕಟ್ಟಿಸ್ಕೊಂಡು ಸಾಯ್ಲಾ?” ಎಂದವರೇ ಡಾಕ್ಟರು ಹೊರಟರು, ಹಿಂದೆ ನಾನೂ.

ಹಟ್ಟಿಯಲ್ಲಿ ಕಂಡದ್ದನ್ನು ನೆನೆದರೆ ಇಂದಿಗೂ ತಲೆ ತಗ್ಗುತ್ತದೆ. ಕುರಿಗಳನ್ನು ಹೊರಗೆ ಬಿಟ್ಟು ಮನುಷ್ಯನನ್ನು ಗೂಟಕ್ಕೆ ಕಟ್ಟಿದ್ದರು. ಮುಚ್ಚಲಾಗದ ಒಂದು ಕಣ್ಣು ಧೂಳು ಕೂತು ಕೆಂಪಗಾಗಿತ್ತು. ಡಾಕ್ಟರು ಹಗ್ಗ ಬಿಚ್ಚಿ, ಲೋಟದಲ್ಲಿ ನೀರು ಕುಡಿಸಿ, ಚೆಲ್ಲಿ ಉಳಿದ ಅವನ ಎಂಜಲು ನೀರನ್ನು ಎಲ್ಲರೆದುರು ತಾವು ಕುಡಿದರು. “ಇವನಿಗೆ ಹುಚ್ಚಿಲ್ಲ ಕಣ್ರಪ್ಪಾ. ನಾನು ಕೊಟ್ಟ ಸೂಜಿಯಿಂದ ಹಿಂಗಾಗಿದೆ. ಏನೂ ಆಗಲ್ಲ ಅಂದಿದ್ದೆ, ಸುಳ್ಳಾಯ್ತು” ಎಂದು ಕೈಮುಗಿದರು. ಯಾರೋ ಬೈದರು. ಡಾಕ್ಟರು ತಲೆಯೆತ್ತಲಿಲ್ಲ.

ಸೊಟ್ಟ ಬಾಯಿಗೆ ಸಿಳ್ಳೆ ಬಾರದು. ಸಿಳ್ಳೆಯಿಲ್ಲದೆ ಕುರಿ ತಿರುಗದು. ಡಾಕ್ಟರು ಭಾನುವಾರವಾದರೆ ಬಸ್ಸು ಹತ್ತಿ ಹೋಗಿ, ಅವನ ಕೆನ್ನೆ ನೀವಿ, “ಊದಯ್ಯ” ಎನ್ನುತ್ತಿದ್ದರು. ತಿಂಗಳುಗಟ್ಟಲೆ ಬರೀ ಗಾಳಿ ಬಂತು. ಕೊನೆಗೊಮ್ಮೆ ಸಿಳ್ಳೆ ಹೊರಟು, ಮೇಯುತ್ತಿದ್ದ ಕುರಿಗಳು ತಲೆಯೆತ್ತಿದಾಗ ಡಾಕ್ಟರು ಅತ್ತುಬಿಟ್ಟರು. ಬಾಯಿಯ ಅಂಚು ಮಾತ್ರ ಇಂದಿಗೂ ತುಸು ಜಗ್ಗಿದೆ.

ಅಂದಿನಿಂದ ಅವರು ‘ಏನೂ ಆಗಲ್ಲ’ ಎಂದದ್ದಿಲ್ಲ. “ಏನಾದ್ರೂ ಆದ್ರೆ ಬಾ, ನಾನಿರ್ತೀನಿ” ಎನ್ನುತ್ತಿದ್ದರು. ಆ ವರ್ಷ ನಾಯಿ ಕಚ್ಚಿಯೂ ಸೂಜಿಗೆ ಹೆದರಿ ಬಾರದೆ ಉಳಿದವರೂ ಇದ್ದರು. ಆ ಕೊರಗೂ ಅವರನ್ನು ಬಿಟ್ಟಿಲ್ಲ.

ಅವರು ನೂರ್ಕಾಲ ಬಾಳಲಿ, ಆ ಕೈ ಇನ್ನೂ ಸಾವಿರ ನಾಡಿ ಹಿಡಿಯಲಿ ಎಂದು ಹಾರೈಸುವ ಹಕ್ಕು ನನಗಿಂತ ಅಂಜಿನಪ್ಪನಿಗೆ ಹೆಚ್ಚು. ಈ ಅಭಿನಂದನೆಯ ಸಮಾರಂಭಕ್ಕೆ ಕರೆಯಲು ನಾವು ಮನೆಗೆ ಹೋದಾಗ ಡಾಕ್ಟರು ಒಪ್ಪಲೇ ಇಲ್ಲ. “ಯಾವ ಮುಖ ಇಟ್ಕೊಂಡು ಹಾರ ಹಾಕಿಸ್ಕೊಳ್ಲಿ?” ಎಂದು ಬಾಗಿಲಲ್ಲೇ ನಿಂತರು. ನಮ್ಮ ಹಿಂದಿದ್ದ ಅಂಜಿನಪ್ಪ ಮುಂದೆ ಬಂದು ಅವರ ಕೈ ಹಿಡಿದ. ಆ ಜಗ್ಗಿದ ಬಾಯಲ್ಲೇ ನಕ್ಕ.

“ಬನ್ನಿ ಸಾಹೇಬ್ರೆ, ಏನೂ ಆಗಲ್ಲ.”