ಬದನೆ ಬಣ್ಣದ ಬಟ್ಟೆ

ನಮ್ಮ ಮನೆಯಲ್ಲಿ ಯಾರಿಗೂ ಇದರಲ್ಲಿ ಅನ್ಯಾಯ ಕಾಣುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮಗಳು ಲೀನ್ ಹಾಲು ಕುಡಿದು ಮಲಗಿದ್ದಾಳೆ, ಒಲೆಯ ಮೇಲೆ ಕಡಲೆ ಬೇಯುತ್ತಿದೆ. ಅದು ಮೆತ್ತಗಾಗುವಷ್ಟರಲ್ಲಿ ಬರೆದು ಮುಗಿಸದಿದ್ದರೆ ನನ್ನ ಸಿಟ್ಟು ಆರಿಹೋಗುತ್ತದೆ. ಆಮೇಲೆ ನಾನೂ ಎಲ್ಲರ ಹಾಗೆ ‘ಹೋಗಲಿ ಬಿಡು’ ಅಂದುಬಿಡುತ್ತೇನೆ.

ಫಿದ್ದತ್ತೆ ನನ್ನ ಗಂಡ ಬಾಸಿಲನ ಸೋದರತ್ತೆ. ಮದುವೆಯಾಗಲಿಲ್ಲ. ಯಾಕೆ ಎಂಬುದಕ್ಕೆ ಇರ್ಬಿದ್ ಪಟ್ಟಣದ ನಮ್ಮ ಬೀದಿಯಲ್ಲಿ ಒಬ್ಬೊಬ್ಬರು ಒಂದೊಂದು ಕತೆ ಹೇಳುತ್ತಾರೆ. ನಾನು ಹೊಸ ಸೊಸೆಯ ಧೈರ್ಯದಲ್ಲಿ ಒಮ್ಮೆ ನೇರವಾಗಿ ಕೇಳಿದ್ದೆ. “ಹೆಣ್ಣು ಕೇಳೋಕೆ ಬಂದೋರೆಲ್ಲ ನಮ್ಮಮ್ಮನ ಕಾಫಿ ಕುಡಿದು ಎದ್ದು ಹೋದ್ರು. ಅಷ್ಟು ಕೆಟ್ಟದಾಗಿರ್ತಿತ್ತು ಕಾಫಿ” ಎಂದು ನಕ್ಕುಬಿಟ್ಟರು.

ಅಣ್ಣನ ಮನೆಯಲ್ಲಿ, ಅಂದರೆ ನನ್ನ ಮಾವನ ಮನೆಯಲ್ಲಿ, ಮಹಡಿ ಮೆಟ್ಟಿಲಿನ ಪಕ್ಕದ ಕೋಣೆ ಅವರದು. ನಮ್ಮಲ್ಲಿ ಹೆಂಗಸನ್ನು ಹಿರಿಯ ಮಗನ ಹೆಸರು ಹಿಡಿದು ಕರೆಯುತ್ತಾರೆ. ನನ್ನ ಅತ್ತೆ ಬಾಸಿಲನ ತಾಯಿ, ಹಾಗಾಗಿ ಉಮ್ ಬಾಸಿಲ್. ಫಿದ್ದತ್ತೆ ಬರೀ ಫಿದ್ದಾ. ಮೊನ್ನೆ ಮೊನ್ನೆ ಹೆತ್ತ ಹುಡುಗಿಯರೂ ಬಾಗಿಲಲ್ಲಿ ನಿಂತು “ಫಿದ್ದಾ, ನನ್ನ ತಂಗಿಯ ರಜಾಯಿ ಆಯ್ತಾ?” ಎಂದು ಕೂಗುತ್ತಾರೆ. ತಲೆ ನರೆತವರನ್ನು!

ಈ ಬೀದಿಯಿಂದ ಮದುವೆಯಾಗಿ ಹೋದ ಹೆಣ್ಣುಗಳೆಲ್ಲ ಫಿದ್ದತ್ತೆ ಹೊಲಿದ ರಜಾಯಿ ಹೊದ್ದೇ ಮಲಗುತ್ತಾರೆ. ಕುರಿಯ ಉಣ್ಣೆ ತೊಳೆದು, ಮಹಡಿಯ ಮೇಲೆ ಒಣಗಿಸಿ, ಕೋಲಿನಿಂದ ಬಡಿದು ಹಗುರ ಮಾಡಿ, ನೆಲದ ಮೇಲೆ ಬಟ್ಟೆ ಹಾಸಿ ತುಂಬುತ್ತಾರೆ. ಆಮೇಲೆ ಮಂಡಿಯೂರಿ ಕೂತು ಸೂರ್ಯ, ಗುಲಾಬಿ, ಬಾದಾಮಿ ಎಲೆ ಅಂತ ದಾರ ಓಡಿಸುತ್ತಾ ಹೋಗುತ್ತಾರೆ. ಮದುಮಗಳ ರಜಾಯಿಯನ್ನು ಬೀದಿಯೆಲ್ಲ ನೋಡುತ್ತದೆ. ಇಷ್ಟೆಲ್ಲ ಮಾಡುವವರು ಸ್ವತಃ ಹೊದೆಯುವುದು ಏನನ್ನು? ನನ್ನ ಗಂಡ ಚಿಕ್ಕವನಿದ್ದಾಗ ಉಚ್ಚೆ ಹೊಯ್ದ ಹಳೆಯ ರಜಾಯಿಯನ್ನು. ಅದರ ಉಣ್ಣೆ ಗಂಟುಗಂಟಾಗಿ ಮೂಲೆಗೆ ಸರಿದಿದೆ. ನಡುವೆ ಬರೀ ಬಟ್ಟೆ. ಹೊಸ ರಜಾಯಿ ಎಂಬುದು ಮದುವೆಯ ಜೊತೆಗೆ ಬರುವ ವಸ್ತು. ಮದುವೆಯಿಲ್ಲದವಳಿಗೆ ಅದು ಯಾಕೆ, ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಯೇ ಇರಲಿಲ್ಲ.

ಈ ಬೇಸಿಗೆಯಲ್ಲಿ ನನ್ನ ನಾದಿನಿ ಅರೀಜಳ ಮದುವೆ ಗೊತ್ತಾಯಿತು. ರಜಾಯಿಯ ಬಟ್ಟೆಗೆ ಡಮಾಸ್ಕಸ್ಸೇ ಆಗಬೇಕು. ಬಾಸಿಲ್ ಪಾಠ ಹೇಳುವ ಶಾಲೆಗೆ ರಜೆ. ಉಮ್ ಬಾಸಿಲ್‌ಗೆ ಮಂಡಿನೋವು, ಅರೀಜಳಿಗೆ ದರ್ಜಿಯ ಮನೆಗೆ ಓಡಾಟ. ಹಾಗಾಗಿ ಬಾಸಿಲ್, ನಾನು, ಕಂಕುಳಲ್ಲಿ ಲೀನ್, ಜೊತೆಗೆ ಫಿದ್ದತ್ತೆ, ಇಷ್ಟು ಜನ ಟ್ಯಾಕ್ಸಿ ಹತ್ತಿ ಗಡಿ ದಾಟಿದೆವು. ಫಿದ್ದತ್ತೆ ಬೇರೆಯವರ ಮದುವೆಗೆ ಬಟ್ಟೆ ತರಲು ಹಿಂದೆಯೂ ಹೋಗಿದ್ದರು, ಬೆಳಿಗ್ಗೆ ಹೋಗಿ ಸಂಜೆ ಬಂದುಬಿಡುವ ಹಾಗೆ. ರಜೆ ಎಂದು ಹೋದದ್ದು ಇದೇ ಮೊದಲು. ಬರಾದಾ ಹೊಳೆಯ ದಂಡೆಯಲ್ಲಿ ಕಾಲುಚೀಲ ಬಿಚ್ಚಿ ನೀರಿಗೆ ಕಾಲು ಇಳಿಬಿಟ್ಟರು. ಪಿಸ್ತಾ ಹಾಕಿದ ಐಸ್‌ಕ್ರೀಮನ್ನು ತಾವು ಒಂದು ಚಮಚ ತಿಂದರೆ ಲೀನಳಿಗೆ ಎರಡು ಚಮಚ ತಿನ್ನಿಸಿದರು. ಬೇಡ, ಮಗುವಿಗೆ ಶೀತವಾಗುತ್ತೆ ಎಂದರೆ “ರಜೇಲಿ ಶೀತ ಆಗಲ್ಲ ಕಣೇ” ಎಂದರು. ಆಯಿತು, ಬಿಡಿ. ಮೂಗು ಒರೆಸಿದವಳು ನಾನು.

ಮರುದಿನ ಬಟ್ಟೆ ಪೇಟೆಗೆ ಹೋದೆವು. ಬಾಸಿಲ್ ಬಾಗಿಲಲ್ಲೇ ಸಿಗರೇಟು ಹಚ್ಚಿ ನಿಂತ. ಅಂಗಡಿಯವನು ದಪ್ಪ ಮೀಸೆಯವನು, ಮಾತುಗಾರ.

“ಬನ್ನಿ ಹಾಜಿಯಮ್ಮ. ಎಲ್ಲಿಂದ ಬಂದಿರಿ?”

“ಇರ್ಬಿದ್.”

“ಅಯ್ಯೋ, ಇವತ್ತು ನನ್ನ ಕತೆ ಮುಗೀತು! ಇರ್ಬಿದ್‌ನೋರು ಬಟ್ಟೆ ಕೊಂಡ್ರೆ ಅಂಗಡೀನೂ ಸೇರಿಸಿ ಕಟ್ಟಿಕೊಡು ಅಂತಾರೆ.”

“ಅಂಗಡಿ ಬೇಡಪ್ಪ, ಹಳೇದಾಗಿದೆ. ಬಟ್ಟೆ ತೋರಿಸು.”

ಅರೀಜಳಿಗೆಂದು ಗುಲಾಬಿ ಬಣ್ಣದ ಸ್ಯಾಟಿನ್ ಒಂದು, ದ್ರಾಕ್ಷಾರಸದ ಕೆಂಪಿನದು ಒಂದು ಆರಿಸಿದರು. ಚೌಕಾಸಿ ಜೋರಾಗಿಯೇ ನಡೆಯಿತು. ಅಂಗಡಿಯವನು ಎರಡು ಸಲ ಎದೆ ಬಡಿದುಕೊಂಡ, ಫಿದ್ದತ್ತೆ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದರು. ಎಲ್ಲ ಮುಗಿದು ಇನ್ನೇನು ಹೊರಡಬೇಕು, ಕೆಳಗಿನ ಸಾಲಿನಲ್ಲಿದ್ದ ಒಂದು ಬಟ್ಟೆಯನ್ನು ಅವರು ತಾವೇ ಬಗ್ಗಿ ಎಳೆದರು. ಬದನೆಕಾಯಿಯ ಬಣ್ಣ. ನೇಯ್ಗೆಯಲ್ಲೇ ಸಣ್ಣ ಹಳದಿ ಹೂವುಗಳು. ಅವರು ಅದರ ಮೇಲೆ ಅಂಗೈಯಿಟ್ಟು ಕೂತರು. ಚೌಕಾಸಿಗೆ ಮೊದಲು ಯಾವ ಬಟ್ಟೆಯನ್ನೂ ಇಷ್ಟಪಟ್ಟ ಹಾಗೆ ತೋರಿಸಿಕೊಳ್ಳದ ಹೆಂಗಸು!

“ಅದು ಮದುವೆಗೆ ಆಗಲ್ಲ ಹಾಜಿಯಮ್ಮ, ಕಪ್ಪು ಜಾಸ್ತಿ” ಎಂದ ಅಂಗಡಿಯವನು.

“ಮದುವೆಗಲ್ಲ.”

“ಮತ್ತೆ? ಸೊಸೆಗಾ?”

“ನನಗೆ.”

ಅವನು ನನ್ನ ಮುಖ ನೋಡಿದ, ಇವರು ಸರಿಯಾಗಿದ್ದಾರಾ ಎನ್ನುವ ಹಾಗೆ. ನಾನೂ ಅವನನ್ನೇ ದಿಟ್ಟಿಸಿ ನೋಡಿದೆ.

“ಮೈ ನಂದು, ಚಳಿ ನಂದು, ದುಡ್ಡೂ ನಂದು” ಎಂದರು ಫಿದ್ದತ್ತೆ. “ನಿಂದೇನಿದ್ರೂ ಕತ್ತರಿ. ಒಂದು ದೊಡ್ಡ ರಜಾಯಿಗೆ ಎಷ್ಟು ಬೇಕೋ ಅಷ್ಟು ಅಳೆದು ಕೊಡು.”

ತಮ್ಮ ಹೊಲಿಗೆಯ ದುಡ್ಡನ್ನು ಕರ್ಚೀಫಿನ ಗಂಟು ಬಿಚ್ಚಿ ಕೊಟ್ಟರು. ಈ ಬಟ್ಟೆಗೆ ಮಾತ್ರ ಒಂದು ಮಾತೂ ಚೌಕಾಸಿ ಮಾಡಲಿಲ್ಲ. ವಾಪಸ್ಸು ಬರುವಾಗ ಟ್ಯಾಕ್ಸಿಯಲ್ಲಿ ಮದುವೆಯ ಬಟ್ಟೆಗಳು ಡಿಕ್ಕಿಯಲ್ಲಿದ್ದವು, ಇದು ಅವರ ತೊಡೆಯ ಮೇಲೆ. ಲೀನ್ ಅದರ ಮೇಲೆ ತಲೆಯಿಟ್ಟು ಜೊಲ್ಲು ಸುರಿಸಿದಾಗಲೂ ಸರಿಸಲಿಲ್ಲ.

ಮನೆಗೆ ಬಂದ ಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಉಮ್ ಬಾಸಿಲ್ ಮೂರೂ ಗಂಟುಗಳನ್ನು ಬಿಚ್ಚಿ ಹಾಸಿದರು. ಪಕ್ಕದ ಮನೆಯ ಉಮ್ ಶಾಹರ್ ಸೂರ್ಯಕಾಂತಿ ಬೀಜ ಬಿಡಿಸುತ್ತಾ ಕೂತಿದ್ದಳು. ಗುಲಾಬಿ, ಕೆಂಪು ಎರಡನ್ನೂ ಹೊಗಳಿಯಾಯಿತು. ಮೂರನೆಯದರ ಮೇಲೆ ಕೈಯಾಡಿಸಿ ನಮ್ಮತ್ತೆ ಹುಬ್ಬೇರಿಸಿದರು.

“ಇದು ಭಾರೀ ಬಟ್ಟೆ! ಯಾರಿಗೆ?”

“ಅದು ನಂದು” ಎಂದರು ಫಿದ್ದತ್ತೆ.

“ನಿನಗ್ಯಾಕೆ?”

“ಹೊದ್ಕೊಳ್ಳೋಕೆ.”

ಉಮ್ ಶಾಹರ್ ಬಾಯಿಯ ಸಿಪ್ಪೆ ಉಗಿದು, ನಾಲಿಗೆ ಆಡಿಸಿ ಮದುವೆಮನೆಯ ಕೇಕೆ ಹಾಕಿಯೇಬಿಟ್ಟಳು. “ಮುಬಾರಕ್ ಫಿದ್ದಾ! ಗಂಡು ಯಾರು? ಹಲ್ಲಿದೆಯಾ ಅವನಿಗೆ?”

ಎಲ್ಲರೂ ನಕ್ಕರು. ಅರೀಜ್ ನಕ್ಕಳು. ನನ್ನ ಗಂಡನೂ ಮೀಸೆಯಡಿ ನಕ್ಕ. ಫಿದ್ದತ್ತೆಯೂ ಒಂಚೂರು ನಕ್ಕರು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಬೈಯಬೇಕಾದ ಕಡೆ ನಗುವುದನ್ನು ಈ ಮನೆ ಅವರಿಗೆ ಎಷ್ಟು ವರ್ಷ ಕೂತು ಕಲಿಸಿದೆಯೋ.

ಆ ವಾರವೇ ಅರೀಜಳನ್ನು ಮದುವೆಯಾಗುವ ಹುಡುಗನ ತಾಯಿ ಕಾಫಿಗೆ ಬಂದಳು. ಬೀಗಿತಿಯ ಕಣ್ಣು ಆ ಬಟ್ಟೆಯ ಮೇಲೆ ಬಿತ್ತು. ಉಮ್ ಬಾಸಿಲ್ ಒಂದು ಕ್ಷಣವೂ ತಡೆಯಲಿಲ್ಲ. “ಅದು ನಿಮಗೇ ಅಂತ ತರಿಸಿದ್ದು! ನಮ್ಮ ಫಿದ್ದಾ ಕೈಯಾರೆ ಹೊಲೀತಾಳೆ” ಎಂದರು. ಫಿದ್ದತ್ತೆ ಕಾಫಿಯ ತಟ್ಟೆ ಹಿಡಿದು ಅಲ್ಲೇ ನಿಂತಿದ್ದರು.

ಬೀಗಿತಿ ಹೋದ ಮೇಲೆ ನಾನು ಬಾಸಿಲನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ.

“ಅವರ ದುಡ್ಡಲ್ಲಿ ತಂದಿದ್ದು ಅದು. ನೀನೇ ನೋಡಿದೀಯಾ.”

“ಗೊತ್ತು ಮಾರಾಯ್ತಿ.”

“ಗೊತ್ತಿದ್ದೂ ಅಮ್ಮಂಗೆ ಹೇಳಲ್ವಾ?”

“ಅಮ್ಮ ಮಾತು ಕೊಟ್ಟಾಗಿದೆ. ಚಳಿಗಾಲದ ರಜೇಲಿ ಅತ್ತೇಗೆ ಇನ್ನೊಂದು ತಂದುಕೊಡ್ತೀನಿ. ಅತ್ತೇನೇ ಸುಮ್ನಿದಾರೆ, ನಿಂದೇನು?”

ಅತ್ತೇನೇ ಸುಮ್ಮನಿದ್ದಾರಂತೆ! ಅವನ ಶರ್ಟಿನ ಗುಂಡಿ ಕಿತ್ತುಬಂದರೆ, ಅವನ ಮಗಳಿಗೆ ಹಲ್ಲು ಬಂದು ರಾತ್ರಿಯೆಲ್ಲ ಅತ್ತರೆ, ಅವನ ತಾಯಿಯ ಮಂಡಿಗೆ ಎಣ್ಣೆ ಹಚ್ಚಬೇಕಾದರೆ ಯಾರ ಬಾಗಿಲು ತಟ್ಟುತ್ತಾರೆ? ಸುಮ್ಮನಿರುವವರ ಬಾಗಿಲನ್ನೇ. ನಾನು ಆ ದಿನ ಅವನಿಗೆ ಚಹಾಕ್ಕೆ ಸಕ್ಕರೆ ಹಾಕಲಿಲ್ಲ. ಅದಕ್ಕಿಂತ ದೊಡ್ಡ ಯುದ್ಧ ಮಾಡಲು ಕೈಯಲ್ಲಿ ಮಗುವಿತ್ತು.

ಮಹಡಿಯ ಮೇಲೆ ಉಣ್ಣೆ ಒಣಹಾಕುವಾಗ ಫಿದ್ದತ್ತೆಯನ್ನೇ ಕೇಳಿದೆ. “ನೀವ್ಯಾಕೆ ಬಾಯಿ ಬಿಡಲ್ಲ? ಬೇಡ ಅನ್ನಿ. ನಾನು ನಿಮ್ಮ ಪಕ್ಕ ನಿಲ್ತೀನಿ.”

“ಆ ಕಡೆಯ ಉಣ್ಣೆ ತಿರುವಿ ಹಾಕು. ಅಡಿ ಇನ್ನೂ ಒದ್ದೆ ಇದೆ” ಎಂದರು, ಅಷ್ಟೇ.

ಮುಂಗೋಣೆಯ ಪೀಠೋಪಕರಣವನ್ನೆಲ್ಲ ಗೋಡೆಗೆ ಸರಿಸಿ ಹೊಲಿಗೆಗೆ ಕೂತ ದಿನ ಬೀದಿಯ ಹೆಂಗಸರು ಬಂದರು. ಮೊದಲು ಅರೀಜಳ ಗುಲಾಬಿ ರಜಾಯಿ. ಈ ಬೀದಿಯಲ್ಲಿ ಒಂದು ಪದ್ಧತಿಯಿದೆ. ಮದುಮಗಳ ರಜಾಯಿಗೆ ಮೊದಲ ಹೊಲಿಗೆಯನ್ನು ಗಂಡನೂ ಗಂಡುಮಕ್ಕಳೂ ಇರುವ ಭಾಗ್ಯವಂತೆ ಹಾಕಬೇಕು. ಫಿದ್ದತ್ತೆ ಸೂಜಿಗೆ ದಾರ ಪೋಣಿಸಿ, ತುದಿಗೆ ಗಂಟು ಹಾಕಿ, ಉಮ್ ಬಾಸಿಲ್ ಕೈಗೆ ಕೊಟ್ಟರು. ನಮ್ಮತ್ತೆ ಒಂದು ಹೊಲಿಗೆ ಹಾಕಿದರು, ಹೆಂಗಸರು ಕೇಕೆ ಹಾಕಿದರು, ಸೂಜಿ ಫಿದ್ದತ್ತೆಯ ಕೈಗೆ ವಾಪಸ್ಸು ಬಂತು. ಉಳಿದ ಸಾವಿರ ಹೊಲಿಗೆಗೆ ಭಾಗ್ಯ ಬೇಕಿಲ್ಲವಲ್ಲ! ಆ ಮೊದಲ ಹೊಲಿಗೆ ಸೊಟ್ಟಗಿತ್ತು. ನಮ್ಮತ್ತೆ ಮಿಠಾಯಿ ಹಂಚಲು ತಿರುಗಿದಾಗ ಫಿದ್ದತ್ತೆ ಅದನ್ನು ಸದ್ದಿಲ್ಲದೆ ಬಿಚ್ಚಿ ಸರಿಯಾಗಿ ಹಾಕಿದರು. ನೋಡಿದವಳು ನಾನೊಬ್ಬಳೇ.

ಗುಲಾಬಿಯದು ಮುಗಿಯಿತು, ಕೆಂಪಿನದೂ ಮುಗಿಯಿತು. ಆಮೇಲೆ ಉಮ್ ಬಾಸಿಲ್ ಬದನೆ ಬಣ್ಣದ ಬಟ್ಟೆಯನ್ನು ತಂದು ನೆಲದ ಮೇಲೆ ಹರಡಿದರು.

“ಇದನ್ನ ಚೆನ್ನಾಗಿ ಹೊಲಿ ಫಿದ್ದಾ. ಬೀಗಿತಿ ಮನೆಗೆ ಹೋಗೋದು. ಮಧ್ಯದಲ್ಲಿ ದೊಡ್ಡ ಸೂರ್ಯ ಇರಲಿ.”

ಫಿದ್ದತ್ತೆ ಬಟ್ಟೆಯ ಮುಂದೆ ಮಂಡಿಯೂರಿದರು. ಬಟ್ಟೆಯ ಅಂಚುಗಳನ್ನು ಕೂಡಿಸಿ ಎರಡಾಗಿ ಮಡಿಸಿದರು. ಮಡಿಕೆಯ ಮೇಲೆ ಉಗುರಿನಿಂದ ಗೀರಿದರು. ಅಂಚು ನೇರ ಮಾಡುತ್ತಿದ್ದಾರೆ ಎಂದುಕೊಂಡೆ. ಕತ್ತರಿ ಎತ್ತಿಕೊಂಡು ಆ ಗೀರಿನ ಮೇಲೆ, ಉದ್ದಕ್ಕೂ, ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಕತ್ತರಿಸುತ್ತಾ ಹೋದರು. ಬಟ್ಟೆ ಎರಡು ಉದ್ದನೆಯ ತುಂಡಾಗಿ ಬಿಚ್ಚಿಕೊಂಡಿತು.

ಬೀಜ ಬಿಡಿಸುತ್ತಿದ್ದ ಬಾಯಿಗಳೆಲ್ಲ ನಿಂತವು.

“ಏನ್ ಮಾಡ್ದೆ ನೀನು!” ಉಮ್ ಬಾಸಿಲ್ ಮಂಡಿನೋವು ಮರೆತು ಎದ್ದು ನಿಂತರು.

“ಒಬ್ಬರ ಅಳತೆಗೆ ಕತ್ತರಿಸ್ದೆ.”

“ಹುಚ್ಚು ಹಿಡೀತಾ? ಹೊಲಿದು ಸೇರಿಸು ಅದನ್ನ!”

“ನಡುಮಧ್ಯ ತೇಪೆ ಹಾಕಿದ ರಜಾಯೀನ ಬೀಗಿತಿಗೆ ಕೊಡ್ತೀಯಾ? ಕೊಡು. ಮಗಳ ಮದುವೇಲಿ ಅದನ್ನೇ ಆಡ್ಕೊಂಡು ನಗ್ತಾರೆ.”

ಅದು ನಿಜ. ಮದುವೆಯ ರಜಾಯಿಯ ಮುಖದಲ್ಲಿ ಜೋಡಣೆ ಇರಬಾರದು. ಅಲ್ಲಿ ಕೂತಿದ್ದ ಒಬ್ಬೊಬ್ಬರಿಗೂ ಅದು ಗೊತ್ತಿತ್ತು.

“ನಾನು ಮಾತು ಕೊಟ್ಟಿದ್ದೆ!”

“ನೀನು ಕೊಟ್ಟೆ. ನಾನು ಕೊಡಲಿಲ್ಲ. ಬಟ್ಟೆ ನಂದು.” ದನಿ ಏರಿಸಲಿಲ್ಲ ಅವರು.

ಉಮ್ ಶಾಹರ್ ಏನೋ ಚೇಷ್ಟೆ ಹೇಳಲು ಬಾಯಿ ತೆರೆದಳು. ನಾನು ಲೀನಳನ್ನು ಅವಳ ಮಡಿಲಿಗೆ ಹಾಕಿ “ಸ್ವಲ್ಪ ಹಿಡ್ಕೊಳ್ಳಿ, ಇವಳ ಚಡ್ಡಿ ಒದ್ದೆ ಆಗಿದೆ ಅನ್ಸುತ್ತೆ” ಎಂದೆ. ಅವಳ ಗಮನ ಅಲ್ಲಿಗೆ ತಿರುಗಿತು. ನಾನು ಹೋಗಿ ಬಟ್ಟೆಯ ಇನ್ನೊಂದು ತುದಿ ಹಿಡಿದು ಕೂತೆ.

ಒಂದು ತುಂಡು ಮೇಲಕ್ಕಾಯಿತು. ಅಡಿಗೆ ಹಾಕಲು ನಾನು ಬಿಳಿಯ ಹತ್ತಿ ಬಟ್ಟೆ ಎತ್ತಿಕೊಟ್ಟೆ. ಮದುಮಗಳ ರಜಾಯಿಗೂ ಅಡಿಯ ಅಸ್ತರು ಬಿಳಿಯದೇ. ಫಿದ್ದತ್ತೆ ಅದನ್ನು ಪಕ್ಕಕ್ಕಿಟ್ಟು, ಬದನೆ ಬಣ್ಣದ ಎರಡನೆಯ ತುಂಡನ್ನೇ ಕೆಳಗೆ ಹಾಸಿದರು. ಎರಡೂ ಕಡೆ ಹೂವು. ಆಮೇಲೆ ಸೂಜಿಗೆ ದಾರ ಪೋಣಿಸಿದರು, ಗಂಟು ಹಾಕಿದರು, ಯಾರ ಕಡೆಯೂ ನೋಡದೆ ಹೊಲಿಯಲು ತೊಡಗಿದರು. ಯಾರೂ ಕೇಕೆ ಹಾಕಲಿಲ್ಲ. ನಾನು ಹಾಕಬೇಕೆಂದುಕೊಂಡೆ. ಹಾಕಲಾಗದೆ ಬಟ್ಟೆಯ ತುದಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದು ಹಿಡಿದೆ.

ಬೀಗಿತಿಗೆ ಅಂಗಡಿಯಿಂದ ಹೊಳೆಹೊಳೆಯುವ ಕಂಬಳಿ ಹೋಯಿತು. ಅವಳು ಸಂತೋಷವಾಗಿಯೇ ಇದ್ದಾಳೆ. ಅರೀಜಳ ಮದುವೆಯೂ ಚೆನ್ನಾಗಿಯೇ ನಡೆಯಿತು. ಆದರೂ ಉಮ್ ಬಾಸಿಲ್ ಬಂದವರಿಗೆಲ್ಲ “ಅಂಥಾ ಬಟ್ಟೇನ ಹಾಳು ಮಾಡಿದ್ಲು” ಎಂದು ಇವತ್ತಿಗೂ ಹೇಳುತ್ತಾರೆ. ಬಂದವರು ಹೌದಾ ಎಂದು ತಲೆಯಾಡಿಸುತ್ತಾರೆ. ಒಬ್ಬರಾದರೂ, ಒಬ್ಬರೇ ಒಬ್ಬರು, ಬಟ್ಟೆ ಯಾರದಾಗಿತ್ತು ಎಂದು ಕೇಳಿಲ್ಲ.

ಮೊನ್ನೆ ಇರ್ಬಿದ್‌ನಲ್ಲಿ ಚಳಿ ಶುರುವಾಯಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಚಹಾಕ್ಕಿಡುವವರು ಫಿದ್ದತ್ತೆ. ಆ ದಿನ ಅಡುಗೆಮನೆ ತಣ್ಣಗಿತ್ತು. “ಫಿದ್ದಾ ಎಲ್ಲಿ? ಚಹಾ ಎಲ್ಲಿ?” ಎಂದು ಉಮ್ ಬಾಸಿಲ್ ಕೂಗಿದರು. ನಾನು ಹೋಗಿ ಮೆಟ್ಟಿಲ ಪಕ್ಕದ ಕೋಣೆಯ ಬಾಗಿಲನ್ನು ಮೆಲ್ಲಗೆ ತಳ್ಳಿ ನೋಡಿದೆ. ಬಿಸಿಲು ಕಿಟಕಿಯವರೆಗೆ ಬಂದಿತ್ತು. ಬದನೆ ಬಣ್ಣದ ರಜಾಯಿ ಮೂಗಿನವರೆಗೂ ಎಳೆದುಕೊಂಡು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು.

ಬಾಗಿಲು ಮುಚ್ಚಿ ಬಂದೆ. “ಮಲಗಿದಾರೆ” ಎಂದು ಅತ್ತೆಗೆ ಹೇಳಿ, ಚಹಾಕ್ಕೆ ನಾನೇ ನೀರಿಟ್ಟೆ.