ಮೊದಲ ಹೆಂಡತಿಯ ಸಾಕ್ಷ್ಯ

ಮೊನ್ನೆ ನೆದರ್‌ಲ್ಯಾಂಡ್ಸಿನ ಹೂಫ್‌ಡಾರ್ಪಿನಲ್ಲಿರುವ ನಮ್ಮ ಆಫೀಸಿನಲ್ಲಿ ಯಾರೋ ಸೋಂಪು ಹಾಕಿದ ಬಿಸಿ ಹಾಲು ಕುಡಿಯುತ್ತಿದ್ದರು. ಆ ಪರಿಮಳ ಮೂಗಿಗೆ ತಾಗಿದ್ದೇ ತಡ, ಮೀಟಿಂಗಿನ ಮಾತುಗಳೆಲ್ಲ ದೂರ ಸರಿದವು. ನಾನು ಆಮರ್ಸ್‌ಫೋರ್ಟಿನ ಹೆನ್ನಿಯವರ ಅಡುಗೆಮನೆಯಲ್ಲಿ ಕೂತಿದ್ದೆ.

ಹೆನ್ನಿ ನನ್ನ ಪಕ್ಕದ ಮನೆಯವರಾಗಿದ್ದರು. ಎಂಬತ್ತು ದಾಟಿದ ವಿಧವೆ, ಹುಟ್ಟಿನಿಂದ ಮಾರ್ಮನ್ ಎಂಬ ಕ್ರೈಸ್ತ ಪಂಥದವರು. ಆ ಪಂಥದಲ್ಲಿ ಕಾಫಿ, ಟೀ ಎರಡೂ ನಿಷಿದ್ಧ. ಹಾಗಾಗಿ ಈ ಹಾಲು. ಉಡುಪಿಯವಳಾದ ನನಗೆ ಕಾಫಿಯಿಲ್ಲದ ಶನಿವಾರವೆಂದರೆ ತಪಸ್ಸೇ. ಆದರೂ ಡಚ್ ಕಲಿಯುವ ಆಸೆಯಿಂದ ಪ್ರತಿ ಶನಿವಾರ ಬೆಳಿಗ್ಗೆ ಅವರ ಮನೆಗೆ ಹೋಗುತ್ತಿದ್ದೆ. ವ್ಯಾಕರಣ ತಲೆಗೆ ಹತ್ತಲಿಲ್ಲ, ಒಂದು ಜಗಳ ಮಾತ್ರ ಪೂರ್ತಿ ಅರ್ಥವಾಯಿತು.

ಅವರ ಪಂಥದಲ್ಲಿ ಬಹುಪತ್ನಿತ್ವವನ್ನು ಶುರುಮಾಡಿದವರು ಸ್ಥಾಪಕರೇ, ಅಥವಾ ಆಮೇಲೆ ಬಂದ ನಾಯಕರು ಶುರುಮಾಡಿ ಸ್ಥಾಪಕರ ಹೆಸರಿಗೆ ಹಚ್ಚಿದರೇ? ಹೆನ್ನಿಯ ತಮ್ಮ ಯಾನ್, ಸ್ಥಾಪಕರೇ ಎನ್ನುತ್ತಿದ್ದನಂತೆ: ಎಷ್ಟೋ ಹೆಂಗಸರು ತಾವು ಅವರನ್ನು ಮದುವೆಯಾಗಿದ್ದೆವೆಂದು ಪ್ರಮಾಣಮಾಡಿ ಬರೆದುಕೊಟ್ಟಿದ್ದಾರಲ್ಲ!

"ಅವರು ಸತ್ತು ಎಷ್ಟೋ ವರ್ಷ ಆದ್ಮೇಲೆ!" ಎಂದು ಹೆನ್ನಿ ಲೋಟ ಕುಕ್ಕುತ್ತಿದ್ದರು. "ಅವರ ಮೊದಲ ಹೆಂಡತಿ ಸಾಯೋ ತನಕ ಇಲ್ಲ ಅಂದಳು. ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?"

ಹೆಚ್ಚಿನ ಇತಿಹಾಸಕಾರರು ಯಾನ್‌ನ ಕಡೆಗೇ ಇದ್ದರು. ಅದೇ ಸಿಟ್ಟಿಗೆ ಅಕ್ಕ ತಮ್ಮನ ಜೊತೆ ಮಾತು ಬಿಟ್ಟು ಆರು ವರ್ಷವಾಗಿತ್ತು. ಅವನ ಮನೆ ಎರಡು ಬೀದಿ ಆಚೆ.

ಕಿಟಕಿಗೆ ಮಂಜು ಒರಗಿಕೊಂಡಿದ್ದ ಒಂದು ಶನಿವಾರ, ಯಾಕೋ, ನಾನು ನಮ್ಮ ಅಜ್ಜನ ವಿಷಯ ಹೇಳಿಬಿಟ್ಟೆ. ಅಪ್ಪನ ಅಪ್ಪ. ಅವರಿಗೆ ಕುಂದಾಪುರದಲ್ಲಿ ಇನ್ನೊಂದು ಸಂಸಾರವಿತ್ತು. ಅಜ್ಜ ತೀರಿಕೊಂಡ ದಿನ ಆ ಹೆಂಗಸು ಮಗಳನ್ನು ಕರೆದುಕೊಂಡು ನಮ್ಮ ಗೇಟಿನ ತನಕ ಬಂದಿದ್ದರು. ಹದಿನೈದರ ಆ ಹುಡುಗಿಗೆ ಥೇಟ್ ಅಜ್ಜನದೇ ಹಣೆ. ಅಜ್ಜಿ ಒಮ್ಮೆ ನೋಡಿ, "ಯಾರೋ ದಾರಿ ತಪ್ಪಿ ಬಂದದ್ದು. ಗೇಟು ಹಾಕು" ಎಂದರು. ಕೊನೆಯವರೆಗೂ ಅವರದು ಒಂದೇ ಮಾತು: "ಅವರಿಗೆ ನಾನೊಬ್ಬಳೇ."

ಗೇಟು ಹಾಕಿದವಳು ಒಂಬತ್ತು ವರ್ಷದ ನಾನು.

"ನಿನ್ನ ಅಜ್ಜಿಗೆ ಗೊತ್ತಿತ್ತಾ?" ಹೆನ್ನಿ ಕೇಳಿದರು.

"ಗೊತ್ತಿತ್ತು. ಎಲ್ಲರಿಗಿಂತ ಮೊದಲು."

ಅವರು ಲೋಟವನ್ನು ಈ ಸಲ ಮೆಲ್ಲಗೆ ಕೆಳಗಿಟ್ಟರು. ಆಮೇಲೆ ಎದ್ದು ಫೋನ್ ಹಚ್ಚಿದರು. "ಯಾನ್, ನಾನೇನೂ ಒಪ್ಪಿಕೊಂಡಿಲ್ಲ. ಆದರೆ ಬಟಾಣಿ ಸೂಪ್ ಮಾಡಿದೀನಿ. ಬಾ."

ಬಂದ. ಸೂಪ್ ಮುಗಿಯುವ ತನಕ ಇಬ್ಬರೂ ಜಗಳವಾಡಿದರು. ಅಷ್ಟು ಸುಖವಾದ ಜಗಳವನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಹೆನ್ನಿ ತೀರಿಕೊಂಡು ಮೂರು ವರ್ಷವಾಯಿತು. ಅವರಿಗೆ ಒಂದು ಬೆಳಗಿನಲ್ಲಿ ಬಂದ ಧೈರ್ಯ ನನಗೆ ಬರಲು ಇಷ್ಟು ವರ್ಷ ಬೇಕಾಯಿತು, ನೋಡಿ. ಮೊನ್ನೆ ಮೀಟಿಂಗಿನಿಂದ ಎದ್ದು ಬಂದು ಅಮ್ಮನಿಗೆ ಫೋನ್ ಮಾಡಿ, ಗೇಟಿಗೆ ಬಂದಿದ್ದ ಆ ಹುಡುಗಿ ಈಗ ಎಲ್ಲಿದ್ದಾರೆಂದು ಕೇಳಿದೆ. "ಅದೆಲ್ಲ ಈಗ ಎಂತಕ್ಕೆ ಮಾರಾಯ್ತಿ?" ಎಂದ ಅಮ್ಮ, ಹುಡುಕುವ ಗೋಜೇ ಇಲ್ಲದೆ ಕುಂದಾಪುರದ ನಂಬರ್ ಹೇಳಿದಳು.

ಫೋನ್ ಎತ್ತಿದ್ದು ನಡುವಯಸ್ಸಿನ ದನಿ. "ಅತ್ತೆ," ಎಂದೆ. ನಮ್ಮ ಮನೆಯಿಂದ ಯಾರೂ ಅವರನ್ನು ಹಾಗೆ ಕರೆದಿರಲಿಲ್ಲ. ನನ್ನ ಹೆಸರು ಹೇಳಿದೆ, ಅಪ್ಪನ ಹೆಸರು ಹೇಳಿದೆ.

"ಅಣ್ಣನ ಮೊಣಕಾಲು ನೋವು ಈಗ ಹೇಗುಂಟು, ಮಗಾ?" ಎಂದರು.